ಆಪರೇಷನ್‌ಗೆ ಹತ್ತೊಂಬತ್ತು ದಿನ ಇರುವಾಗ

ಈಗೀಗ ಬೆಳಿಗ್ಗೆ ಹಾಸಿಗೆಯಲ್ಲೇ ನನ್ನ ಕೆಲಸ ಶುರುವಾಗುತ್ತದೆ. ಎಡಗಾಲು ಚಾಚಿ, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ, ತೊಡೆ ಬಿಗಿ ಮಾಡಿ ಐದು ಎಣಿಸಬೇಕು. ಆಮೇಲೆ ಸಡಿಲ. ಹೀಗೆ ಹತ್ತು ಸಲ. ನಂತರ ಕಾಲನ್ನು ಮಡಚದೆ ಒಂದು ಗೇಣು ಮೇಲೆತ್ತಿ ಹಿಡಿಯಬೇಕು. ಎಣಿಸುವವಳು ನನ್ನ ಹೆಂಡತಿ. ಅವಳ ಎಣಿಕೆ ನಿಧಾನ, ಒಂದೂ ತಪ್ಪುವುದಿಲ್ಲ. ಎಡಮಂಡಿ ಬದಲಿಸುವ ಆಪರೇಷನ್ ಆದ ಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸುವುದು ಈ ತೊಡೆಯ ಸ್ನಾಯುವೇ, ಅದಕ್ಕೆ ಈಗಲೇ ಬಲ ಬರಬೇಕು ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ.

ನಾನು ಹೇಳಹೊರಟಿರುವ ಮಂಗಳವಾರದ ಹೊತ್ತಿಗೆ ಆಪರೇಷನ್‌ಗೆ ಇನ್ನು ಹತ್ತೊಂಬತ್ತು ದಿನ ಉಳಿದಿತ್ತು. ನಿಜಕ್ಕೂ ಅಷ್ಟೊತ್ತಿಗೆ ಎಲ್ಲ ಮುಗಿದಿರಬೇಕಿತ್ತು. ಮೊದಲು ಕೊಟ್ಟ ದಿನಕ್ಕೆ ಒಂದು ವಾರ ಇರುವಾಗ ದವಡೆ ಹಲ್ಲು ನೋಯತೊಡಗಿತು. ನೋಡಿದರೆ ಬೇರಿನಲ್ಲಿ ಕೀವು. ಬಾಯಿಯ ಸೋಂಕು ರಕ್ತಕ್ಕೆ ಸೇರಿ ಹೊಸ ಮಂಡಿಯಲ್ಲಿ ಹೋಗಿ ಕೂರಬಹುದು. ಹಾಗೆ ಕೂತರೆ ತೆಗೆಯುವುದು ಬಹಳ ಕಷ್ಟ. ಮೊದಲು ಹಲ್ಲು ಸರಿಯಾಗಲಿ ಅಂತ ಆಪರೇಷನ್ ಆರು ವಾರ ಮುಂದೆ ಹೋಯಿತು.

ಆ ಸಂಜೆ ನಾನು ತುಂಬಾ ಕುಗ್ಗಿಹೋದೆ. ಹೆದರಿಕೆಯನ್ನೆಲ್ಲ ದಾಟಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅದನ್ನು ಮತ್ತೆ ಮೊದಲಿನಿಂದ ಮಾಡಬೇಕಲ್ಲ ಅನ್ನಿಸಿತು. ಮಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಅಪ್ಪ, ಹಲ್ಲು ಈಗಲೇ ನೋವು ಕೊಟ್ಟಿದ್ದು ಒಳ್ಳೇದಾಯ್ತು. ಆಪರೇಷನ್ ಆದ್ಮೇಲೆ ಕೊಟ್ಟಿದ್ರೆ?" ಆ ರಾತ್ರಿ ನಿದ್ದೆ ಬಂದಿದ್ದು ಆ ಮಾತಿನಿಂದ.

ನಿವೃತ್ತನಾದ ಮೇಲೆ ನನ್ನ ವಾರಕ್ಕೆ ಆಕಾರ ಕೊಟ್ಟಿದ್ದು ಗಾಲ್ಫ್. ಮಂಗಳವಾರ, ಶುಕ್ರವಾರ, ನಾಲ್ಕು ಜನ ಗೆಳೆಯರು. 18 ಹೋಲ್‌ಗಳನ್ನೂ, ಅಂದರೆ ಒಂದೊಂದರ ಕೊನೆಯಲ್ಲೂ ಚೆಂಡನ್ನು ಕುಳಿಗೆ ಬೀಳಿಸುವ 18 ಹಾದಿಗಳನ್ನೂ, ನಡೆದೇ ಆಡುತ್ತಿದ್ದೆವು. ಕಳೆದ ವರ್ಷ ಅದು ಒಂಬತ್ತಕ್ಕೆ ಇಳಿಯಿತು, ಆಮೇಲೆ ಗಾಡಿಯಲ್ಲಿ ಕೂತು ಒಂಬತ್ತು. ಬಲಗೈ ಆಟಗಾರನಿಗೆ ಎಡಮಂಡಿಯ ಮೇಲೆ ಭಾರ ಜಾಸ್ತಿ. ಚೆಂಡು ಹೊಡೆದ ಮೇಲೆ ಮೈಯೆಲ್ಲ ಎಡಗಾಲಿನ ಮೇಲೆ ಬಂದು, ಆ ಮಂಡಿಯ ಮೇಲೇ ತಿರುಗುತ್ತದೆ. ನನ್ನದು ಸವೆದಿರುವುದೂ ಅದೇ ಮಂಡಿ. ಎಕ್ಸ್‌ರೇಯಲ್ಲಿ ಒಳಬದಿಗೆ ಎರಡು ಮೂಳೆಗಳ ನಡುವೆ ಕಾಣಬೇಕಾದ ಸಂದೇ ಕಾಣುತ್ತಿರಲಿಲ್ಲ. ನಡುವಿನ ಮೆತ್ತನೆಯ ಪದರ ಹೋಗಿ ಮೂಳೆಗೆ ಮೂಳೆ ತಾಗುತ್ತಿದೆ ಅಂದರು ಡಾಕ್ಟರು. ಕೊನೆಯ ಸಲ ಆಡಿದಾಗ, ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, ಹೊಡೆದ ನಾನು ಕಾಲು ಎತ್ತಿಡಲಾಗದೆ ಅಲ್ಲೇ ನಿಂತುಬಿಟ್ಟೆ. ಗೆಳೆಯ ಏನೂ ಕೇಳಲಿಲ್ಲ. ನನ್ನ ಕೈಯಿಂದ ಕ್ಲಬ್ ತೆಗೆದುಕೊಂಡು ಬ್ಯಾಗಿಗೆ ಹಾಕಿದ. ಆ ದಿನದಿಂದ ಪೂರ್ತಿ ಸ್ವಿಂಗ್, ಅಂದರೆ ಮೈ ತಿರುಗಿಸಿ ಜೋರಾಗಿ ಹೊಡೆಯುವುದನ್ನು, ಬಿಟ್ಟಿದ್ದೇನೆ.

ಆದರೆ ಪಟಿಂಗ್, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಯತ್ತ ಉರುಳಿಸುವುದನ್ನು, ಬಿಟ್ಟಿಲ್ಲ. ಪಾರ್ 72 ಇರುವ, ಅಂದರೆ ಒಳ್ಳೆಯ ಆಟಗಾರ 72 ಹೊಡೆತಗಳಲ್ಲಿ ಮುಗಿಸಬೇಕಾದ ಮೈದಾನದಲ್ಲಿ ಒಂದೊಂದು ಹೋಲ್‌ಗೆ ಎರಡು ಪಟ್ ಅಂತ ಲೆಕ್ಕ. ಅಂದರೆ 36. ಸರಿಯಾಗಿ ಅರ್ಧ! ಹತ್ತಾರು ವರ್ಷ ಆಡಿದರೂ ಇದನ್ನು ಹೀಗೆ ಕೂತು ಯೋಚಿಸಿರಲಿಲ್ಲ. ಪಟ್ ಮಾಡುವಾಗ ಭುಜ, ಕೈ ಮಾತ್ರ ಆಡುತ್ತವೆ, ಮಂಡಿ ಅಲುಗಬಾರದು. ಗೆಳೆಯರು ಆಡಲು ಹೊರಟಾಗ ನಾನು ಅಭ್ಯಾಸದ ಗ್ರೀನ್‌ಗೆ, ಅಂದರೆ ಪಟಿಂಗ್‌ಗೆ ಅಂತ ಹುಲ್ಲನ್ನು ಗಿಡ್ಡಗೆ ಕತ್ತರಿಸಿದ ಜಾಗಕ್ಕೆ, ಹೋಗುತ್ತೇನೆ.

ಆ ಮಂಗಳವಾರ ಒಂಬತ್ತು ವರ್ಷದ ಮೊಮ್ಮಗಳೂ ಬಂದಿದ್ದಳು. ಶಾಲೆಗೆ ರಜೆ. ನನ್ನ ಬಲಗೈಯಲ್ಲಿ ಊರುಗೋಲು. ನೋವಿರುವುದು ಎಡಗಾಲಿನಲ್ಲಿ ತಾನೇ, ಕೋಲು ಯಾಕೆ ಈ ಕೈಯಲ್ಲಿ ಅಂತ ದಾರಿಯುದ್ದಕ್ಕೂ ಅವಳ ಪ್ರಶ್ನೆ. ಎಡಗಾಲು ಊರುವಾಗ ಬಲಗಡೆಯ ಕೋಲೂ ನೆಲಕ್ಕೆ ತಾಗಿ ಭಾರ ಹಂಚಿಕೊಳ್ಳುತ್ತದೆ ಅಂತ ನಡೆದು ತೋರಿಸಿದೆ.

ಗ್ರೀನ್‌ನಲ್ಲಿ ನನಗಿರುವ ದೊಡ್ಡ ತೊಂದರೆ ಕುಕ್ಕರಗಾಲಿನಲ್ಲಿ ಕೂರಲಾಗದ್ದು. ಕೂತು ನೋಡದಿದ್ದರೆ ಸಣ್ಣ ಇಳಿಜಾರು ಕಣ್ಣಿಗೆ ಬೀಳುವುದಿಲ್ಲ. ಹೋಲ್‌ನ ಕುಳಿಯ ಅಗಲವೇ 108 ಮಿಲಿಮೀಟರ್, ಸ್ವಲ್ಪ ಇಳಿಜಾರು ತಪ್ಪಿದರೂ ಚೆಂಡು ಪಕ್ಕದಲ್ಲೇ ಹಾದುಹೋಗುತ್ತದೆ. ಇದನ್ನು ಹೇಳಿದ್ದೇ ತಡ, ಅವಳು ಹುಲ್ಲಿನ ಮೇಲೆ ಬೋರಲು ಮಲಗಿ ಒಂದು ಕಣ್ಣು ಮುಚ್ಚಿದಳು. "ತಾತ, ಎಡಕ್ಕೆ ಇಳಿಯತ್ತೆ. ಕೊನೇಲಿ ಜಾಸ್ತಿ." ಅವಳು ಹೇಳಿದ ಹಾಗೆ ಬಲಕ್ಕೆ ಒಂದು ಚೆಂಡಿನಗಲ ಬಿಟ್ಟು ಹೊಡೆದೆ. ಚೆಂಡು ನಿಧಾನವಾಗಿ ವಾಲಿ ಒಳಗೆ ಬಿತ್ತು. ಅವಳು ಕೈ ಹಾಕಿ ಅದನ್ನು ತೆಗೆದು ನನ್ನ ಕೈಗಿಟ್ಟಳು. ಸುಮಾರು ಒಂದು ಗಂಟೆ ಹೀಗೇ ನಡೆಯಿತು. ಪೂರ್ತಿ 18 ಹೋಲ್ ಆಡಿದ ಎಷ್ಟೋ ದಿನಗಳಲ್ಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

ಆಟ ಮುಗಿಸಿ ಬಂದ ಗೆಳೆಯ ಧೈರ್ಯ ತುಂಬಲು ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಕಥೆ ತೆಗೆದ. 2008ರ ಯುಎಸ್ ಓಪನ್‌ನಲ್ಲಿ ಎಡಮಂಡಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದು, ಕಾಲಿನ ಮೂಳೆಯಲ್ಲಿ ಬಿರುಕಿದ್ದರೂ, ಸಮಬಲವಾದಾಗ ಆಡುವ ಪ್ಲೇಆಫ್ ಸೇರಿ 91 ಹೋಲ್ ಆಡಿ ಗೆದ್ದನಲ್ಲ ಅಂತ. ಆ ಆಟ ನನಗೂ ಚೆನ್ನಾಗಿ ನೆನಪಿದೆ. ಆದರೆ ಮಂಡಿ ನೋವಿರುವ ನಮ್ಮ ವಯಸ್ಸಿನವರಿಗೆ ಅದು ಹೇಳುವ ಕಥೆಯಲ್ಲ ಅಂತ ನನಗೆ ಅನ್ನಿಸುತ್ತದೆ. ಆಗ ಅವನಿಗೆ 32 ವರ್ಷ. ಗೆದ್ದ ಕೆಲವೇ ದಿನಗಳಲ್ಲಿ ಆಪರೇಷನ್ ಮಾಡಿಸಿಕೊಂಡ, ಆ ವರ್ಷದ ಉಳಿದ ಟೂರ್ನಿಗಳನ್ನೆಲ್ಲ ಬಿಟ್ಟ. ನನ್ನ ಗೆಳೆಯರಿಗೆ ನಾನು ನೆನಪಿಸುವುದು ಆ ಎರಡನೇ ಭಾಗವನ್ನು.

ಮನೆಗೆ ಬಂದಾಗ ಮೆಟ್ಟಿಲಲ್ಲಿ ಮೊಮ್ಮಗಳಿಗೊಂದು ಪಾಠ ಹೇಳಿಕೊಟ್ಟೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಅವಳೂ ಹಾಗೇ ಒಂದೊಂದೇ ಮೆಟ್ಟಿಲು ಹತ್ತಿದಳು. ಅರ್ಧದಲ್ಲಿ ನಿಂತು ಕೇಳಿದಳು, "ತಾತ, ಮಂಡೀನ ಪೂರ್ತಿ ತೆಗೆದುಬಿಡ್ತಾರಾ?"

ಇಲ್ಲ, ಸವೆದ ಮೂಳೆಯ ತುದಿಗಳನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ ಅಂದೆ. ತೊಡೆಯ ಮೂಳೆಯ ತುದಿಗೆ ಲೋಹದ ಕವಚ, ಕೆಳಗಿನ ಮೂಳೆಯ ಮೇಲೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್. ಅವಳು ಸ್ವಲ್ಪ ಯೋಚಿಸಿ, "ನಿಮ್ಮ ಹಲ್ಲಿಗೆ ಕ್ಯಾಪ್ ಹಾಕಿದ್ರಲ್ಲ, ಹಾಗೆ" ಅಂದಳು. ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ಹೆದರಿಕೆ ಅವಳ ಮುಖದಲ್ಲಿ ಕಾಣಲಿಲ್ಲ. ನನ್ನದೂ ಸ್ವಲ್ಪ ಕಡಿಮೆಯಾಯಿತು.

ಒಳಗೆ ಹೆಂಡತಿ ನೆಲದ ಹಾಸುಗಳನ್ನೆಲ್ಲ ಸುತ್ತಿಡುತ್ತಿದ್ದಳು. ವಾಕರ್ ಹಿಡಿದು ನಡೆಯುವಾಗ ಕಾಲಿಗೆ ಸಿಕ್ಕಿ ಬೀಳಬಾರದು ಅಂತ ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ ಅದೂ ಇತ್ತು. ಹಾಲ್‌ನ ಉದ್ದನೆಯ ಹಾಸೂ ಹೋಯಿತು. ನಾನು ಮೊಮ್ಮಗಳಿಗೆ ಪಟಿಂಗ್ ಕಲಿಸಿದ್ದು ಅದರ ಮೇಲೇ. ಬರಿಯ ನೆಲದ ಮೇಲೆ ಅವಳು ಚೆಂಡನ್ನು ಮೆಲ್ಲಗೆ ತಳ್ಳಿ ನೋಡಿದಳು. ಅದು ಉರುಳಿ ಉರುಳಿ ಗೋಡೆಗೆ ಬಡಿಯಿತು.

ಸುತ್ತಿದ ಹಾಸನ್ನು ಅಟ್ಟಕ್ಕೆ ಹಾಕಲು ಅವಳು ಬಿಡಲಿಲ್ಲ. "ಅಜ್ಜಿ, ಅದು ಬೇಗ ಬೇಕಾಗತ್ತೆ" ಅಂತ ಎಳೆದುಕೊಂಡು ಹೋಗಿ ತನ್ನ ಮಂಚದ ಕೆಳಗೆ ತಳ್ಳಿದಳು, ಪಕ್ಕದಲ್ಲಿ ನನ್ನ ಪಟರ್ ಇಟ್ಟಳು.