ಎರಡನೇ ಪ್ರತಿಗೆ ಒಂದು ಸೀಲು

ನಮ್ಮ ಹನುಮಂತನಗರದ ಕಡೆ ಬೇಸಿಗೆ ಶಿಬಿರ ಅಂದರೆ ಈಜು, ಚಿತ್ರಕಲೆ, ಅಬಾಕಸ್. 2025ರ ಏಪ್ರಿಲ್‌ನಲ್ಲಿ ಗೆಳೆಯನೊಬ್ಬ ಹೈಸ್ಕೂಲ್ ಮಕ್ಕಳಿಗೆ ಬೇರೆ ಥರದ ಶಿಬಿರ ಮಾಡಿದ. ಸರ್ಕಾರ ಹೇಗೆ ನಡೆಯುತ್ತೆ ಅಂತ ತೋರಿಸೋದು. ಹತ್ತು ದಿನ, 14 ಮಕ್ಕಳು. ಅದರಲ್ಲಿ ಮೂವರನ್ನು ಮೊಬೈಲ್ ಬಿಟ್ಟರೆ ಸಾಕು ಅಂತ ಮನೆಯವರು ದಬ್ಬಿದ್ದರು. ನಾನು ಇಲಾಖೆಯೊಂದರಲ್ಲಿ 31 ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ‘ಕಡತ ಹೇಗೆ ಓಡಾಡುತ್ತೆ ಅಂತ ನೀನು ಹೇಳಯ್ಯ’ ಅಂದ. ಕಡತ ಓಡಾಡೋದು ಕಮ್ಮಿ, ಕೂರೋದೇ ಜಾಸ್ತಿ. ಆದರೂ ಒಪ್ಪಿಕೊಂಡೆ.

ಮೊದಲು ಒಂದು ಅರ್ಜಿ ಬರೆಸೋಣ ಅಂದುಕೊಂಡೆ. ಬಸ್ ಸ್ಟಾಪಿನ ಹತ್ತಿರ ಚರಂಡಿ ಮೇಲಿನ ಚಪ್ಪಡಿ ಮುರಿದು ತಿಂಗಳುಗಳೇ ಆಗಿದ್ದವು. ಯಾರೋ ಪುಣ್ಯಾತ್ಮರು ಅದರೊಳಗೆ ಮರದ ಕೊಂಬೆ ನೆಟ್ಟು ಹೋಗಿದ್ದರು. ಬೆಂಗಳೂರಿನಲ್ಲಿ ಅದೇ ಅಲ್ವಾ ಎಚ್ಚರಿಕೆಯ ಫಲಕ. ‘ಇದರ ಬಗ್ಗೆ ಬರೀರಿ’ ಅಂದೆ.

ಹತ್ತು ನಿಮಿಷದಲ್ಲಿ ಎಲ್ಲರೂ ಬರೆದು ಕೊಟ್ಟರು. ಓದಿದರೆ ಎಲ್ಲವೂ ಪರೀಕ್ಷೆಯ ಪತ್ರಗಳು. ‘ಇವರಿಗೆ, ಇಂದ, ವಿಷಯ, ಮಾನ್ಯರೇ’ ಎಲ್ಲ ಚೊಕ್ಕವಾಗಿದೆ. ಆಮೇಲೆ ಸ್ವಚ್ಛತೆಯ ಮಹತ್ವ, ಆರೋಗ್ಯವೇ ಭಾಗ್ಯ. ಒಬ್ಬ ಅಂತೂ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೇ ಬರೆದಿದ್ದ. ರೂಢಿ. ರಸ್ತೆ ಸರಿ ಮಾಡಿ, ಬೀದಿದೀಪ ಹಾಕಿಸಿ ಅಂತ ನಮ್ಮ ನಾಡಿನ ಮಕ್ಕಳು ಪರೀಕ್ಷೆಯಲ್ಲಿ ಎಷ್ಟು ಪತ್ರ ಬರೆಯುತ್ತಾರೋ! ಒಂದೂ ಅಂಚೆಗೆ ಬೀಳಲ್ಲ. ಅಂಕ ಬೀಳುತ್ತೆ, ಅಷ್ಟೇ.

‘ಆ ಗುಂಡಿ ಎಷ್ಟು ಅಗಲ ಇದೆ?’ ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ. ಹೋಗಿ ಅಳೆದುಕೊಂಡು ಬಂದರು, ಸ್ಕೇಲ್ ಹಿಡಿದು. ಎರಡೂಕಾಲು ಅಡಿ. ಹಾಲಿನ ಬೂತಿನಿಂದ ಎಷ್ಟು ಹೆಜ್ಜೆ ಅಂತ ಎಣಿಸಿದರು. ಪಕ್ಕದ ಲೈಟು ಕಂಬದ ಮೇಲಿದ್ದ ನಂಬರು ಬರೆದುಕೊಂಡರು. ಕಂಬದ ನಂಬರು ಹಾಕಿದರೆ ‘ಜಾಗ ಸಿಗಲಿಲ್ಲ’ ಅಂತ ಷರಾ ಬರೆಯೋಕೆ ಆಗಲ್ಲ. ಇದು ನನ್ನ 31 ವರ್ಷದ ವಿದ್ಯೆ. ಆ ಷರಾ ನಾನೇ ಎಷ್ಟೋ ಸಲ ಬರೆದಿದ್ದೇನೆ.

ಅರ್ಜಿ ಆರು ಸಾಲಿಗೆ ಇಳಿಯಿತು. ಯಾರಿಗೆ ಕೊಡೋದು? ‘ಕಾರ್ಪೊರೇಟರ್‌ಗೆ’ ಅಂದರು. ಹೆಸರು ಹೇಳಿ ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರು ಹೇಗೆ ಗೊತ್ತಿರಬೇಕು? 198 ವಾರ್ಡುಗಳ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಆಗ ಇವರು ನಾಲ್ಕನೆಯ ಕ್ಲಾಸೋ ಐದೋ. ಆಮೇಲೆ ಚುನಾವಣೆಯೇ ಆಗಿರಲಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಐದು ವರ್ಷ ಮುಗಿಯೋದರೊಳಗೆ ಚುನಾವಣೆ ಆಗಬೇಕು ಅನ್ನುತ್ತೆ ಅಂತ ಹೇಳಿದೆ. ಒಬ್ಬ ಹುಡುಗ, ‘ನಮ್ಮ ಕ್ಲಾಸು ಲೀಡರ್ ಇಲ್ಲದೆ ಒಂದು ವಾರಾನೂ ಇರಲ್ಲ ಸರ್’ ಅಂದ. (ಶಿಬಿರ ಆದ ವರ್ಷವೇ, 2025ರ ಸೆಪ್ಟೆಂಬರ್‌ನಲ್ಲಿ, ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಅದು ಬೇರೆ ಕಥೆ.) ಕೊನೆಗೆ ಇಂಜಿನಿಯರ್ ಹೆಸರಿಗೆ ಬರೆದು, ಎರಡು ಪ್ರತಿ ಮಾಡಿಸಿದೆವು. ಒಂದು ಕಚೇರಿಗೆ, ಇನ್ನೊಂದು ಅರ್ಜಿ ಕೊಟ್ಟಿದ್ದಕ್ಕೆ ಗುರುತಾಗಿ ಸೀಲು ಹಾಕಿಸಿಕೊಂಡು ನಾವು ಇಟ್ಟುಕೊಳ್ಳೋಕೆ.

ಮಾರನೇ ದಿನ ಬೆಳಿಗ್ಗೆ ವಿಧಾನಸೌಧ ನೋಡೋಕೆ ಬಸ್ ಹತ್ತಿದೆವು. ಹುಡುಗಿಯರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಆಧಾರ್ ಮರೆತು ಬಂದ ಒಬ್ಬಳು ಮಾತ್ರ ದುಡ್ಡು ಕೊಟ್ಟಳು. ಹುಡುಗರು ‘ಇದು ಅನ್ಯಾಯ’ ಅಂತ ಶುರು ಮಾಡಿದರು. ಕಿಟಕಿ ಪಕ್ಕ ಕೂತಿದ್ದ ಒಬ್ಬಳು ತಿರುಗಿಯೂ ನೋಡದೆ, ‘ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗೋ ಪಾಸಿನ ದುಡ್ಡೇ ಈಗ ನನ್ನ ಟ್ಯೂಷನ್ ಫೀಸು’ ಅಂದಳು. ಯೋಜನೆಗೆ ದುಡ್ಡು ಎಲ್ಲಿಂದ ಬರುತ್ತೆ, ಯಾರ ತೆರಿಗೆ ಅಂತ ಕಾರ್ಪೊರೇಷನ್ ಬರೋವರೆಗೂ ಜಗಳ. ನಾನು ಬಾಯಿ ಹಾಕಲಿಲ್ಲ. ಶಿಬಿರದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನಡೆಯಲಿಲ್ಲ.

ಅಂಬೇಡ್ಕರ್ ಬೀದಿಯಲ್ಲಿ ನಿಂತು ಒಂದು ಕಡೆ ಹೈಕೋರ್ಟ್ ಇರೋ ಕೆಂಪು ಅಠಾರಾ ಕಚೇರಿ, ಇನ್ನೊಂದು ಕಡೆ ವಿಧಾನಸೌಧ ತೋರಿಸಿದೆ. 1951ರ ಜುಲೈ 13ಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು, ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ದೊಡ್ಡದಾಗಿ ಕಟ್ಟಿಸಿದ್ದು, ಖರ್ಚು ಜಾಸ್ತಿಯಾಯಿತು ಅಂತ ಬೈಸಿಕೊಂಡಿದ್ದು, 1956ರಲ್ಲಿ ಕುರ್ಚಿ ಬಿಟ್ಟಿದ್ದು, ಎಲ್ಲ ಹೇಳಿದೆ. ಮಕ್ಕಳ ಕಣ್ಣು ಮಾತ್ರ ಮೇಲಿನ ಅಕ್ಷರದ ಮೇಲೆ. ‘ಸರ್ಕಾರದ ಕೆಲಸ ದೇವರ ಕೆಲಸ.’

‘ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ ಸರ್. ಇಲ್ಲಿ ಪೂಜಾರಿ ಯಾರು?’

ಕೇಳಿದವಳು ಟ್ಯೂಷನ್ ಫೀಸಿನ ಹುಡುಗಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಮಧ್ಯಾಹ್ನ ಮೂರಕ್ಕೆ ಅರ್ಜಿ ಕೊಡೋ ಕಚೇರಿಗೆ ಬಂದೆವು. ಯಾವುದು ಅನ್ನೋದು ಬೇಡ. ಒಳಗೆ ಹೋಗೋದು ಇಬ್ಬರು ಮಕ್ಕಳು ಮಾತ್ರ, ನಾನು ಬಾಗಿಲಲ್ಲಿ ನಿಲ್ಲೋದು ಅಂತ ಮೊದಲೇ ಮಾತಾಗಿತ್ತು. ಅವಳು, ಜೊತೆಗೆ ಕ್ಲಾಸ್ ಲೀಡರ್ ಹುಡುಗ.

ಮೇಜಿನ ಹಿಂದೆ ಇದ್ದವರಿಗೆ ನಲವತ್ತರ ಆಸುಪಾಸು. ಟೀ ಲೋಟ, ಕಡತದ ರಾಶಿ, ಫ್ಯಾನ್ ಗಾಳಿಗೆ ಹಾರದಂತೆ ಹಾಳೆ ಮೇಲೊಂದು ಜಲ್ಲಿಕಲ್ಲು. ಅರ್ಜಿ ನೋಡಿ, ‘ಸಾಹೇಬ್ರು ಸೈಟಿಗೆ ಹೋಗಿದ್ದಾರೆ. ಬಿಟ್ಟು ಹೋಗಿ, ನೋಡ್ತೀವಿ’ ಅಂದರು. ಕೆಟ್ಟದಾಗಿ ಏನೂ ಹೇಳಲಿಲ್ಲ. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು. ಅದು ನನ್ನದೇ.

ಹುಡುಗ ಹೊರಡೋಕೆ ತಿರುಗಿದ. ಅವಳು ಎರಡನೇ ಪ್ರತಿ ಮುಂದೆ ಹಿಡಿದಳು. ‘ಇದಕ್ಕೆ ಸೀಲ್ ಹಾಕಿಕೊಡಿ ಸರ್.’

‘ಅದೆಲ್ಲ ಯಾಕಮ್ಮ? ಆನ್‌ಲೈನಲ್ಲಿ ಹಾಕಿ, ನಂಬರ್ ಬರುತ್ತೆ.’

ಅವಳು ವಾದ ಮಾಡಲಿಲ್ಲ. ಕೈ ಹಿಂದಕ್ಕೆ ತಗೊಳ್ಳಲೂ ಇಲ್ಲ. ಫ್ಯಾನ್ ಗಾಳಿಗೆ ಹಾಳೆಯ ತುದಿ ಪಟಪಟ ಅನ್ನುತ್ತಿತ್ತು. ನಾನು ಹೋಗಿ ‘ನಾನೂ ನಿಮ್ಮ ಹಾಗೇ ಸರ್ಕಾರಿ ನೌಕರ’ ಅಂದಿದ್ದರೆ ಅರ್ಧ ನಿಮಿಷದ ಕೆಲಸ. ಬಾಗಿಲು ಹಿಡಿದು ನಿಂತೇ ಇದ್ದೆ.

ಕೊನೆಗೆ ಅವರು ಡ್ರಾಯರ್ ಎಳೆದರು. ಸ್ಟ್ಯಾಂಪ್ ಪ್ಯಾಡ್ ಒಣಗಿತ್ತು. ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟು, ಬೆರಳಲ್ಲಿ ತಿಕ್ಕಿ, ಸೀಲ್ ಒತ್ತಿದರು. ಅರ್ಧ ಮೂಡಿತು. ಅವಳು ನೋಡಿ, ‘ಸರ್, ಇದು ನಿನ್ನೆ ತಾರೀಕು’ ಅಂದಳು. ಅವರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಪೆನ್ನಿನ ತುದಿಯಿಂದ ಸೀಲಿನ ಚಕ್ರ ಒಂದು ಹಲ್ಲು ತಿರುಗಿಸಿ ಮತ್ತೆ ಒತ್ತಿದರು. ಪಕ್ಕದಲ್ಲಿ ಸಹಿ ಹಾಕಿ, ಟಪಾಲು ಪುಸ್ತಕದ ನಂಬರೂ ಬರೆದರು. ‘ಯಾವ ಕ್ಲಾಸಮ್ಮ?’ ಅಂತ ಕೇಳಿದರು. ‘ಹತ್ತನೇ ಕ್ಲಾಸಿಗೆ ಹೋಗ್ತೀನಿ’ ಅಂದಳು. ‘ಚೆನ್ನಾಗಿ ಬರೆದಿದ್ದೀರಿ’ ಅಂದರು. ಅದು ನಿಜವಾಗಿ ಮನಸ್ಸಿನಿಂದ ಬಂದ ಮಾತು ಅನ್ನಿಸಿತು.

ಚಪ್ಪಡಿ ಬರೋಕೆ ಮತ್ತೆ 19 ದಿನ ಹಿಡಿಯಿತು, ಎರಡು ಸಲ ಆ ನಂಬರ್ ಹಿಡಿದು ಫೋನ್ ಮಾಡಿದ ಮೇಲೆ. ಕೊಂಬೆಯನ್ನು ಪಕ್ಕಕ್ಕೆ ಬಿಸಾಕಿ ಹೋಗಿದ್ದರು. ಅದು ಇನ್ನೂ ಅಲ್ಲೇ ಬಿದ್ದಿದೆ.

ಅವತ್ತು ವಾಪಸ್ ಬಸ್ಸಿಗೆ ಕಾಯುತ್ತಿದ್ದಾಗ 14 ಜನರೂ ಆ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ಫೋಟೊ ತೆಗೆದರು. ಎರಡು ಸೀಲು, ಒಂದು ನಿನ್ನೆಯದು, ಒಂದು ಇವತ್ತಿನದು. ಅವಳು ಅದನ್ನು ಮಡಿಸದೆ ಪುಸ್ತಕದೊಳಗೆ ಇಟ್ಟುಕೊಂಡು ನನ್ನ ಕಡೆ ಬಂದಳು.

‘ಸರ್, ನೀವು ಕೆಲಸದಲ್ಲಿದ್ದಾಗ ಸೀಲ್ ಹಾಕಿ ಕೊಡ್ತಿದ್ರಾ?’

‘ಕೇಳಿದವರಿಗೆ ಕೊಡ್ತಿದ್ದೆ.’

‘ಕೇಳದೇ ಇದ್ದವರಿಗೆ?’

ಅಷ್ಟರಲ್ಲಿ ಬಸ್ಸು ಬಂತು. ಹುಡುಗಿಯರು ಮುಂದಿನ ಬಾಗಿಲಲ್ಲಿ ಹತ್ತಿದರು. ನಾನು ಹಿಂದಿನ ಬಾಗಿಲಿಗೆ ಹೋದೆ.