ಅಮಾರ್ಫಿಸ್ ಡೆತ್ ಮೆಟಲ್ ಬಿಟ್ಟದ್ದೇಕೆ?

ಮೆಟಲ್ ಕೇಳುವ ಗೆಳೆಯರ ನಡುವೆ ಫಿನ್‌ಲೆಂಡಿನ ಅಮಾರ್ಫಿಸ್ ತಂಡದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಅಷ್ಟು ಚೆನ್ನಾಗಿ ಡೆತ್ ಮೆಟಲ್ (ಅಬ್ಬರದ ಗಿಟಾರ್, ಗುಡುಗುವ ಕಂಠದ ರಾಕ್ ಸಂಗೀತ) ನುಡಿಸುತ್ತಿದ್ದವರು ಅದನ್ನು ಕೈಬಿಟ್ಟದ್ದೇಕೆ? ಅದರ ಬೆನ್ನಿಗೇ 'ದುಡ್ಡಿಗಾಗಿ ತಾನೆ?' ಎಂಬ ಅನುಮಾನವೂ ಬರುತ್ತದೆ. ನನ್ನ ಉತ್ತರ ಇಷ್ಟು: ಈ ತಂಡದಲ್ಲಿ ಮತ್ತೆ ಮತ್ತೆ ಬದಲಾದದ್ದು ಹಾಡುವ ಕಂಠ, ಗಿಟಾರ್ ಹಿಡಿದ ದಾರಿ ಎರಡನೆಯ ಆಲ್ಬಮ್ಮಿನಿಂದ ಇಂದಿನವರೆಗೆ ಹೆಚ್ಚುಕಡಿಮೆ ಒಂದೇ.

1990ರಲ್ಲಿ ಹೆಲ್ಸಿಂಕಿಯಲ್ಲಿ ಎಸಾ ಹೋಲೋಪೈನೆನ್, ತೋಮಿ ಕೊಯಿವುಸಾರಿ ಮೊದಲಾದ ಹುಡುಗರು ಸೇರಿ ಕಟ್ಟಿದ ತಂಡವಿದು. ಮೊದಲ ಆಲ್ಬಮ್ 'ದ ಕರೇಲಿಯನ್ ಇಸ್ತ್ಮಸ್' ಧ್ವನಿಮುದ್ರಣಗೊಂಡದ್ದು ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋದಲ್ಲಿ. ಎಂಟೂಂಬ್ಡ್, ಡಿಸ್ಮೆಂಬರ್ ಮುಂತಾದ ಸ್ವೀಡಿಶ್ ತಂಡಗಳ ಗರಗಸದಂಥ ಗಿಟಾರ್ ನಾದಕ್ಕೆ ಹೆಸರಾದ ಜಾಗವದು. ಆಲ್ಬಮ್ಮಿನ ಹೆಸರು ಯುದ್ಧದಲ್ಲಿ ಫಿನ್‌ಲೆಂಡ್ ಸೋವಿಯತ್ ಒಕ್ಕೂಟಕ್ಕೆ ಕಳೆದುಕೊಂಡ ನೆಲದ್ದು. ಒಳಗಿನ ಸಂಗೀತವಾದರೋ ಆ ಕಾಲದ ಉತ್ತಮ ಡೆತ್ ಮೆಟಲ್ಲೇ ಹೊರತು ಇವರೊಬ್ಬರೇ ಮಾಡಬಹುದಾಗಿದ್ದದ್ದಲ್ಲ.

ನಿಜವಾದ ತಿರುವು 1994ರ 'ಟೇಲ್ಸ್ ಫ್ರಮ್ ದ ಥೌಸಂಡ್ ಲೇಕ್ಸ್'. ಅದೇ ಸ್ಟುಡಿಯೋ, ಅದೇ ಗ್ರೌಲ್ (ಗಂಟಲಾಳದಿಂದ ಗುರುಗುಟ್ಟುವ ಹಾಡಿಕೆ). ಆದರೆ ಕೀಬೋರ್ಡ್ ಬಂದಿತು, ಅಲ್ಲಲ್ಲಿ ಶುದ್ಧ ಕಂಠದ ಗಾಯನವೂ ಬಂದಿತು, ಸಾಹಿತ್ಯಕ್ಕೆ 'ಕಾಲೆವಾಲಾ' ಸಿಕ್ಕಿತು. ಎಲಿಯಾಸ್ ಲ್ಯೊನ್ರೂಟ್ ಹಳ್ಳಿಯ ಹಾಡುಗಾರರಿಂದ ಸಂಗ್ರಹಿಸಿದ ಹಾಡುಗಳನ್ನು ಹೊಸೆದು 1835ರಲ್ಲಿ ಮೊದಲು, 1849ರಲ್ಲಿ ವಿಸ್ತರಿಸಿ ಪ್ರಕಟಿಸಿದ, ಐವತ್ತು ಹಾಡುಗಳ ಫಿನ್‌ಲೆಂಡಿನ ಮಹಾಕಾವ್ಯವದು. (ಆ ಪರಂಪರೆಯ ವಿದ್ವಾಂಸರಾದ ಲೌರಿ ಹಾಂಕೊ, ಅಮಾರ್ಫಿಸ್ ಹುಟ್ಟಿದ 1990ರಲ್ಲೇ, ನಮ್ಮ ತುಳುನಾಡಿಗೆ ಬಂದು ಗೋಪಾಲ ನಾಯ್ಕರ ಬಾಯಿಂದ ಸಿರಿಯ ಕಥೆಯನ್ನು ಧ್ವನಿಮುದ್ರಿಸಿಕೊಂಡಿದ್ದರು ಎಂಬುದನ್ನು ಇಲ್ಲಿ ನೆನೆಯದಿರಲಾರೆ.)

ಈ ಆಲ್ಬಮ್ಮಿನ 'ಬ್ಲ್ಯಾಕ್ ವಿಂಟರ್ ಡೇ' ಹಾಡನ್ನೇ ತೆಗೆದುಕೊಳ್ಳಿ. ಕೀಬೋರ್ಡಿನ ಒಂದು ಪುಟ್ಟ ರಾಗಖಂಡದೊಂದಿಗೆ ಅದು ತೊಡಗುತ್ತದೆ, ಗಿಟಾರುಗಳು ಅದರ ಮೇಲೆ ಬಂದು ಕೂಡುತ್ತವೆ. ಸಾಹಿತ್ಯವೋ, ಮದುವೆಯಾಗಿ ತವರು ಬಿಟ್ಟು ಹೊರಟ ಹೆಣ್ಣಿನ ಅಳಲು. ಅದೃಷ್ಟವಂತರ ಮನಸ್ಸು ವಸಂತದ ಬೆಳಗಿನಂತಿದ್ದರೆ ತನ್ನದು ಚಳಿಗಾಲದ ಕರಾಳ ದಿನದಂತಿದೆ ಎನ್ನುತ್ತಾಳೆ ಅವಳು. ಮದುಮಗಳ ಈ ಅಳುವನ್ನು ಕೊಯಿವುಸಾರಿ ಗ್ರೌಲ್ ಮಾಡುತ್ತಾರೆ. ಕಾಗದದ ಮೇಲೆ ಅಸಂಗತವೆನಿಸುವ ಈ ಜೋಡಣೆ ಕಿವಿಗೆ ಒಪ್ಪುವುದಕ್ಕೆ ಕಾರಣ, ದುಃಖವನ್ನು ಹೊತ್ತಿರುವುದು ಕಂಠವಲ್ಲದೆ ಗಿಟಾರಿನ ರಾಗವಾಗಿರುವುದು. ಫಿನ್‌ಲೆಂಡಿನ ಹಳೆಯ ಕಾಂತೆಲೆ ವಾದ್ಯಕ್ಕಿದ್ದದ್ದು ಐದೇ ತಂತಿ. ಕಾಲೆವಾಲಾ ಹಾಡುಗಳ ಧಾಟಿಯೂ ಕೆಲವೇ ಸ್ವರಗಳೊಳಗೆ ಸುತ್ತಿ ಸುತ್ತಿ ಬರುವಂಥದು. ಹೋಲೋಪೈನೆನ್ ಅವರ ಗಿಟಾರ್ ರಾಗಗಳೂ ನನ್ನ ಕಿವಿಗೆ ಹಾಗೆಯೇ ಕೇಳುತ್ತವೆ: ಚಿಕ್ಕ ಹರವು, ಬೇಸರವಿಲ್ಲದ ಪುನರಾವರ್ತನೆ, ಪ್ರತಿ ಸುತ್ತಿನಲ್ಲೂ ಒಂದಿಷ್ಟು ಬದಲಾವಣೆ.

ಇದನ್ನು ಒಪ್ಪಿದರೆ ಮುಂದಿನದು ದ್ರೋಹವೆಂದು ತೋರುವುದಿಲ್ಲ. 1996ರ 'ಎಲಿಜಿ'ಗೆ ಪಾಸಿ ಕೊಸ್ಕಿನೆನ್ ಶುದ್ಧ ಕಂಠದ ಗಾಯಕರಾಗಿ ಬಂದರು, ಗ್ರೌಲ್ ಅವರ ಕಂಠದೊಂದಿಗೆ ಸ್ಥಳ ಹಂಚಿಕೊಂಡಿತು. ಸಾಹಿತ್ಯ ಈ ಬಾರಿ ಲ್ಯೊನ್ರೂಟ್ ಸಂಗ್ರಹಿಸಿದ ಭಾವಗೀತೆಗಳಾದ 'ಕಾಂತೆಲೆತಾರ್'ನಿಂದ. ಅದರ 'ಮೈ ಕಾಂತೆಲೆ' ಹಾಡಿನ ವಾದವೇ ವಿಶೇಷ: ಮಹಾಕಾವ್ಯದ ನಾಯಕ ವಯ್ನಾಮೊಯ್ನೆನ್ ಮೀನಿನ ಮೂಳೆಯಿಂದ ಕಾಂತೆಲೆ ಮಾಡಿದನೆಂಬ ಕಥೆ ಸುಳ್ಳು, ಆ ವಾದ್ಯ ದುಃಖದಿಂದಲೇ ಮಾಡಿದ್ದು. ಅದೇ ಹಾಡನ್ನು ಆಲ್ಬಮ್ಮಿನ ಕೊನೆಯಲ್ಲಿ ಅಬ್ಬರವಿಲ್ಲದೆ, ಅಕೂಸ್ಟಿಕ್ ಆಗಿ ಮತ್ತೆ ನುಡಿಸಿದ್ದಾರೆ. ಡಿಸ್ಟಾರ್ಷನ್ (ಗಿಟಾರಿನ ಕರ್ಕಶ ನಾದ) ತೆಗೆದರೂ ಹಾಡು ಕುಸಿಯುವುದಿಲ್ಲ. 1997ರ ಕಿರು ಆಲ್ಬಮ್ಮಿನಲ್ಲಿ ಅವರು ಇಂಗ್ಲೆಂಡಿನ ಹಾಕ್‌ವಿಂಡ್ ಹಾಗೂ ಹೆಲ್ಸಿಂಕಿಯದೇ ಆದ ಕಿಂಗ್‌ಸ್ಟನ್ ವಾಲ್ ತಂಡಗಳ ಹಾಡುಗಳನ್ನು ನುಡಿಸಿದ್ದು ಕೂಡ, ಎಪ್ಪತ್ತರ ದಶಕದ ಬಗೆಯ ಸೈಕೆಡೆಲಿಕ್ (ಕನವರಿಕೆಯಂಥ ನಾದದ) ರಾಕ್ ಇವರಿಗೆ ಎಷ್ಟು ಹತ್ತಿರವಾಗಿತ್ತೆಂದು ಹೇಳುತ್ತದೆ.

1999ರ 'ಟುವೊನೆಲಾ'ದಲ್ಲಿ ಗ್ರೌಲ್ ಬಹುತೇಕ ಕಾಣೆಯಾಯಿತು, ಸಕಾರಿ ಕುಕ್ಕೊ ಅವರ ಸ್ಯಾಕ್ಸೊಫೋನ್ ಒಳಬಂದಿತು. 2001ರ 'ಆಮ್ ಯೂನಿವರ್ಸಮ್' ಅದೇ ದಾರಿಯಲ್ಲಿ ಇನ್ನಷ್ಟು ದೂರ ಹೋಯಿತು. ಡೆತ್ ಮೆಟಲ್ ಅಭಿಮಾನಿಗಳ ಮುಂದೆ ಸ್ಯಾಕ್ಸೊಫೋನ್ ಇಡುವುದು ದುಡ್ಡು ಮಾಡುವ ಉಪಾಯವೆಂದು ವಾದಿಸುವವರಿಗೆ ವ್ಯಾಪಾರ ಗೊತ್ತಿಲ್ಲವೆಂದೇ ನನ್ನ ಅಭಿಪ್ರಾಯ. ಇನ್ನು 2003ರ 'ಫಾರ್ ಫ್ರಮ್ ದ ಸನ್' ಸಪ್ಪೆ. ಅಲ್ಲಿ ಧೈರ್ಯವೂ ಇಲ್ಲ, ರಾಗವೂ ಇಲ್ಲ.

ಕೊಸ್ಕಿನೆನ್ ಹೋದ ಮೇಲೆ 2005ರಲ್ಲಿ ಬಂದ ತೋಮಿ ಯೌತ್ಸೆನ್ ಎರಡೂ ಬಗೆಯಲ್ಲಿ ಹಾಡಬಲ್ಲವರು. 2006ರ 'ಎಕ್ಲಿಪ್ಸ್' ಕಾಲೆವಾಲಾದ ಕುಲ್ಲೆರ್ವೊನ ಕಥೆಗೆ, ಫಿನ್‌ಲೆಂಡಿನ ಕವಿ ಪಾವೊ ಹಾವಿಕ್ಕೊ ಅವರ ನಾಟಕದ ಮೂಲಕ, ಮರಳಿತು. ಗ್ರೌಲ್ ಕೂಡ ಮರಳಿತು. ಅದು ಫಿನ್‌ಲೆಂಡಿನ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅಂದರೆ, ದುಡ್ಡಿಗಾಗಿ ಗ್ರೌಲ್ ಬಿಟ್ಟರೆಂಬ ದೂರಿಗೆ ಲೆಕ್ಕವೇ ತಿರುಗುಮುರುಗಾಯಿತು. ಆಮೇಲಿನ ಆಲ್ಬಮ್‌ಗಳಿಗೆ ಪೆಕ್ಕಾ ಕೈನುಲೈನೆನ್ ಸಾಹಿತ್ಯ ಬರೆಯತೊಡಗಿದರು. 2018ರ 'ಕ್ವೀನ್ ಆಫ್ ಟೈಮ್' ಹೊತ್ತಿಗೆ ವಾದ್ಯವೃಂದ, ಮೇಳಗಾಯನ ಎಲ್ಲವೂ ಸೇರಿ ನಾದ ತುಂಬಿ ತುಳುಕುವಂತಾಯಿತು. ನನಗೆ ಅಲ್ಲಿ ಕೆಲವೆಡೆ ಉಸಿರಾಡಲು ಜಾಗ ಸಾಲದು.

ಇಷ್ಟಾದ ಮೇಲೂ ಒಪ್ಪದವರಿಗೆ 2010ರ 'ಮ್ಯಾಜಿಕ್ ಅಂಡ್ ಮೇಹೆಮ್' ಇದೆ; ಮೊದಲ ವರ್ಷಗಳ ಹಾಡುಗಳನ್ನು ಯೌತ್ಸೆನ್ ಕಂಠದಲ್ಲಿ ಹೊಸದಾಗಿ ಧ್ವನಿಮುದ್ರಿಸಿದ ಸಂಕಲನವದು. ಅದರ 'ಬ್ಲ್ಯಾಕ್ ವಿಂಟರ್ ಡೇ'ಯನ್ನೂ 1994ರದನ್ನೂ ಒಂದರ ಹಿಂದೆ ಒಂದು ಕೇಳಿ: ಹೊಸದು ಸ್ವಚ್ಛವಾಗಿದೆ, ಹಾಡಿಕೆಯೂ ಪಳಗಿದ್ದು, ಹಳೆಯದರ ಒರಟುತನ ಮಾತ್ರ ಇಲ್ಲ. ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾನು 1994ರದನ್ನೇ ಇಟ್ಟುಕೊಳ್ಳುತ್ತೇನೆ. ಗಿಟಾರ್ ಮಾತ್ರ ಎರಡರಲ್ಲೂ ನುಡಿಸುವುದು ಅದೇ ರಾಗವನ್ನು.