ಪಟ್ಟಿಯೊಳಗೆ ಗಾಳಿಗುಳ್ಳೆ: ಹೊಸ ಜೀನಸ್ ಕೆಲಸ ಮತ್ತೆ ಮೊದಲಿಂದ

ನಿನ್ನೆ ರಾತ್ರಿ ಮೂರೂವರೆ ಮಿಲಿಮೀಟರಿನ ಆ ಕಂದು ಜೀರುಂಡೆನ ಅಂಗಾತ ಇಟ್ಕೊಂಡು, ಮುಂಗಾಲಿನ ಕಾಕ್ಸಾ (ಕಾಲಿನ ಬುಡದ ತುಂಡು) ಕೂರೋ ಗುಂಡಿನ ಹಿಂದಿನಿಂದ ಮುಚ್ಚೋ ಪಟ್ಟಿಯ ಚಿತ್ರ ಬರೀತಿದ್ದೆ. ಲೈಟ್ ಒಂಚೂರು ಪಕ್ಕಕ್ಕೆ ಸರಿಸಿದ್ದೇ ತಡ, ಪಟ್ಟಿಯೊಳಗೆ ದುಂಡಗೆ ಒಂದು ಗಾಳಿಗುಳ್ಳೆ ಮಿಂಚ್ತು. ಜೀರುಂಡೆಯ ಗಟ್ಟಿ ಚಿಪ್ಪಿನ ಕೈಟಿನ್ ಒಳಗೆ ಗಾಳಿಗುಳ್ಳೆ ಎಲ್ಲಿಂದ ಬರಬೇಕು?

ಅದು ಅಂಟು ಕಣ್ರೀ. ಬರೀ ಅಂಟು!

ಟಾರ್ಸಸ್ 5-5-4 (ಮುಂದಿನ, ನಡುವಿನ, ಹಿಂದಿನ ಕಾಲಿನ ಪಾದದ ತುಂಡುಗಳ ಲೆಕ್ಕ), ಗುಂಡಿ ಹಿಂದುಗಡೆ ಮುಚ್ಚಿದೆ, ಸರಿ ಟೆನೆಬ್ರಿಯಾನಿಡೇ ಫ್ಯಾಮಿಲಿ ಅಂತ ಕೀ (ಲಕ್ಷಣ ನೋಡಿ ಗುರುತಿಸೋ ಕೈಪಿಡಿ) ಹಿಡ್ಕೊಂಡು ಒಳಗೆ ಹೋದೋನು ಎಂಟು ತಿಂಗಳಿಂದ ಅಲ್ಲೇ ಸುತ್ತುತಿದ್ದೆ, ಅದರೊಳಗಿನ ಯಾವ ಜೀನಸ್ಸಿಗೂ (ಕುಲಕ್ಕೂ) ಕೂರ್ತಿರ್ಲಿಲ್ಲ. ಮೀಸೆ ಹುಟ್ಟೋ ಜಾಗ ಆ ಫ್ಯಾಮಿಲಿಲಿ ಸಾಮಾನ್ಯವಾಗಿ ತಲೆಯಂಚಿನ ಕೆಳಗೆ ಅಡಗಿರುತ್ತೆ, ಇದರಲ್ಲಿ ಮೇಲಿಂದಲೇ ಚೆನ್ನಾಗಿ ಕಾಣುತ್ತೆ. ಹೊಟ್ಟೆಯ ಮೊದಲ ಮೂರು ವೆಂಟ್ರೈಟು (ಅಡಿಭಾಗದ ಫಲಕ) ಬೆಸೆದಿರಬೇಕು, ಇದರಲ್ಲಿ ಐದೂ ಬಿಡಿ, ಗ್ಲಿಸರಾಲಲ್ಲಿಟ್ಟು ಸೂಜಿ ತುದಿಲಿ ಒತ್ತಿದ್ರೆ ಒಂದೊಂದೂ ಅಲ್ಲಾಡುತ್ತೆ. ಇದು ಬೇರೆ ಫ್ಯಾಮಿಲಿ ಅಂತ ಎರಡೂ ಕೂಗಿ ಹೇಳ್ತಿದ್ವು, ನಾನು ಅವನ್ನೇ ಹೊಸ ಜೀನಸ್ಸಿನ ಡಯಾಗ್ನೋಸಿಸ್ (ಬೇರೆಯವುಗಳಿಂದ ಬೇರ್ಪಡಿಸೋ ಲಕ್ಷಣ) ಅಂತ ಬರೆದಿಟ್ಟಿದ್ದೆ. ಪ್ರೋಸ್ಟರ್ನಮ್ (ಎದೆಯ ಮುಂಭಾಗದ ಅಡಿ) ತುಂಬಾ ಚುಕ್ಕೆಗುಳಿ ಇದ್ರೂ ಪಟ್ಟಿ ಮಾತ್ರ ನುಣ್ಣಗಿತ್ತು, ಅದೂ ಅದರಲ್ಲಿ ಸೇರಿತ್ತು. ಮೂರು ಸ್ಪೆಸಿಮೆನ್ನಲ್ಲೂ ಪಟ್ಟಿ ಇದೆ ಅಂದ್ಮೇಲೆ ಗಟ್ಟಿ ಲಕ್ಷಣ ಅಲ್ವಾ ಅಂತ ನಂಬಿದ್ದೆ, ಮೂರನ್ನೂ ಕವುಚಿ ಹಾಕಿ ಅದೇ ಬಾಟಲಿ ಅಂಟಲ್ಲಿ ಕಾರ್ಡಿಗೆ ಕೂರಿಸಿದ್ದು ನೆನಪಾಗಿದ್ದು ಗುಳ್ಳೆ ಕಂಡಮೇಲೆ.

ನೀರಲ್ಲಿ ಕರಗುತ್ತೆ ಅಂತ ಬಾಟಲಿ ಮೇಲೆ ದೊಡ್ಡದಾಗಿ ಇದೆ. ಬಿಸಿನೀರು, ಒಂದು ಹನಿ ಸೋಪು, ರಾತ್ರಿಯಿಡೀ ನೆನೆಸಿದ್ದು, ಎಲ್ಲಾ ಆಗಿತ್ತು, ಕಾರ್ಡು ನೆಂದು ಜೀರುಂಡೆ ಬಿಟ್ಟುಕೊಂಡಿತ್ತೇ ಹೊರತು ಅಂಟಿನ ಪೊರೆ ಅಲ್ಲೇ ಉಳ್ಕೊಂಡಿತ್ತು. ಇಂಥದ್ದನ್ನ ಈ ಕೆಲಸಕ್ಕೆ ಅಂತಲೇ ಮಾರ್ತಾರಲ್ಲ, ಸಪ್ಲೈಯರ್ ಮೇಲೆ ನಿಜವಾಗ್ಲೂ ಸಿಟ್ಟು ಬಂತು. ಕೊನೆಗೆ ಕೆಲಸ ಮಾಡಿದ್ದು ಅಸಿಟೋನ್. ಮೊದಲು ಗುಳ್ಳೆ ಫೋಟೋ, ಆಮೇಲೆ ಇಪ್ಪತ್ತು ನಿಮಿಷ ಅಸಿಟೋನಲ್ಲಿ, ಮಿನ್ಯೂಟೆನ್ ಅನ್ನೋ ತೀರಾ ಸಣ್ಣ ಪಿನ್ನಲ್ಲಿ ಅಂಚು ಎತ್ತಿದ್ರೆ ಹಾಲಿನ ಕೆನೆ ಥರ ಇಡೀ ಪಟ್ಟಿ ಎದ್ದು ಬಂತು. ಕೆಳಗೆ ಗುಂಡಿ ಹಿಂದುಗಡೆ ಪೂರ್ತಿ ತೆರೆದೇ ಇದೆ, ಅಂಚಲ್ಲಿ ಸಣ್ಣ ಬಂಗಾರದ ರೋಮಗಳು, ಅವನ್ನ ನೋಡ್ತಾ ಸುಮಾರು ಹೊತ್ತು ಕೂತಿದ್ದೆ.

ಹೆಸರು ಆರಿಸಿಯಾಗಿತ್ತು. 1930ರ ನಂತರದ ಜೀನಸ್ ಹೆಸರಿಗೆ ಟೈಪ್ ಸ್ಪೀಷೀಸ್ (ಆ ಹೆಸರಿಗೆ ಆಧಾರವಾಗೋ ಪ್ರಭೇದ) ಗೊತ್ತುಮಾಡಲೇಬೇಕಲ್ಲ, ಅದೂ ಆಗಿತ್ತು. ಪ್ರಿಂಟ್ ಆಗಿಬಿಟ್ಟಿದ್ರೆ ತಪ್ಪು ಫ್ಯಾಮಿಲಿಲಿ ಕೂತ ಆ ಹೆಸರಿನ ಲೆಕ್ಕವನ್ನ ಮುಂದೆ ಈ ಗುಂಪಿನ ಮೇಲೆ ಕೆಲಸ ಮಾಡೋರೆಲ್ಲ ಬಿಡಿಸ್ತಾ ಕೂರಬೇಕಿತ್ತು. 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆದು ಬರೆದ ಈಡಿಯಾಗಸ್ (ಗಂಡಿನ ಜನನಾಂಗ) ಚಿತ್ರಗಳಿಗೇನೂ ಆಗಿಲ್ಲ, ಪುಣ್ಯ.

ಅಂದಹಾಗೆ ಇದಾದ್ಮೇಲೆ ಟಿಲಿಯಿಡೇ ಫ್ಯಾಮಿಲಿ! ತರಗೆಲೆ ಜರಡಿ ಹಿಡಿದಾಗ ಸಿಕ್ಕ ಗರಿರೆಕ್ಕೆ ಜೀರುಂಡೆಗಳು ಒಂದು ಟ್ಯೂಬ್ ತುಂಬಾ ಆಲ್ಕೋಹಾಲಲ್ಲಿ ಕಾಯ್ತಿವೆ. ಅದೇ ಫ್ಯಾಮಿಲಿಯ ಸ್ಕಿಡೋಸೆಲ್ಲಾ ಮುಸಾವಾಸೆನ್ಸಿಸ್ 0.325 ಮಿಲಿಮೀಟರಿಗೇ ಮುಗೀತು, ಅಷ್ಟರಲ್ಲೇ ಕಾಲು, ರೆಕ್ಕೆ, ಮಿದುಳು ಎಲ್ಲಾ ಇದೆ. ಅವನ್ನ ಸೀದಾ ಸ್ಲೈಡಿಗೆ ಹಾಕೋದು, ಅಂಟಿನ ಕಾಟ ಇಲ್ಲ.

ಸದ್ಯಕ್ಕೆ 5-5-4, ಗುಂಡಿ ತೆರೆದಿದೆ, ಮೊದಲು ಸಾಲ್ಪಿಂಜಿಡೇ ಫ್ಯಾಮಿಲಿ ಕಡೆ ನೋಡ್ತೀನಿ. ಎರಡನೇ ಸ್ಪೆಸಿಮೆನ್ ಅಸಿಟೋನಲ್ಲಿದೆ. ಮೂರನೇದನ್ನ ಅಂಟಿನ ಸಮೇತ ಹಾಗೇ ಬಿಟ್ಟಿದೀನಿ, ಪಕ್ಕಪಕ್ಕ ಇಟ್ಟು ಫೋಟೋ ತೆಗೀಬೇಕು.